ಹಿತವಾದ ಕೀಬೋರ್ಡ್

ಶಿಷ್ಯ ಕೇಳಿದ: "ಹಿರಿಯ ಗುರುಗಳು ಇದ್ದಾಗ ಅವರೆದುರು ಎಲ್ಲಿ ಕೂತರೂ ಧ್ಯಾನ ಹತ್ತುತ್ತಿತ್ತು. ಅವರು ಹೋದ ಮೇಲೆ ಜಗುಲಿಯಲ್ಲಿ ಕೂತೆ, ಸೆಕೆ. ಮರದಡಿ ಕೂತೆ, ಇರುವೆ. ಮಾಳಿಗೆಯಲ್ಲಿ ಕೂತೆ, ಗಾಳಿ. ಧ್ಯಾನಕ್ಕೆ ಹಿತವಾದ ಜಾಗ ಯಾವುದು, ಗುರುಗಳೇ?"

ಗುರು ನಕ್ಕರು. "ಬೆಕ್ಕು ಮರಿ ಕಚ್ಚಿಕೊಂಡು ತಿರುಗಿದ ಹಾಗೆ ನೀನು ಚಾಪೆ ಹೊತ್ತು ತಿರುಗುವುದನ್ನು ನಾನೂ ನೋಡುತ್ತಿದ್ದೇನೆ. ಮೊದಲು ಅದನ್ನು ಕೆಳಗಿಡು. ಒಂದು ಕತೆ ಹೇಳುತ್ತೇನೆ."

ಒಬ್ಬ ಕಾದಂಬರಿಕಾರನಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನು ಹೇಳುವುದು, ಹೆಂಡತಿ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವುದು. ಅವನು ಅರ್ಧ ವಾಕ್ಯ ಹೇಳಿ, ಗೋಡೆ ಹಿಡಿದು ಅವಳ ಬಲಕ್ಕಿದ್ದ ಕಿಟಕಿಯವರೆಗೆ ನಡೆದು, ತಿರುಗಿ ಬಂದು ಉಳಿದರ್ಧ ಹೇಳುತ್ತಿದ್ದ. ಅಲ್ಲಿಯವರೆಗೆ ಅವಳು ಕೀಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಹಾಗೆ ಕಾಯುವುದು ಅವಳಿಗೆ ಇಷ್ಟವಾಗಿತ್ತು.

ಕಾದಂಬರಿಯ ಕಡೆಯ ಅಧ್ಯಾಯವನ್ನು ಅವನು ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಪೂರ್ತಿ ಹೇಳಿದ. "ನಾಳೆ ಕೂತು ಬರ್ಕೊಳ್ಳೋಣ" ಎಂದ. ಅವನಿಗೆ ಆ ನಾಳೆ ಬರಲಿಲ್ಲ. ಸ್ವಲ್ಪ ದಿನದಲ್ಲಿ ಹಳೆಯ ಲ್ಯಾಪ್‌ಟಾಪೂ ಕೆಟ್ಟು ಕೂತಿತು. ಹಿಂದಿನ ಅಧ್ಯಾಯಗಳ ಪ್ರತಿ ಅವಳ ಬಳಿ ಇತ್ತು. ಕಡೆಯದು ಮಾತ್ರ ಅವಳ ನೆನಪಿನಲ್ಲಷ್ಟೇ ಇತ್ತು. ಅವಳು ಬರೆಯದಿದ್ದರೆ ಅದು ಅವಳೊಂದಿಗೇ ಹೋಗುತ್ತಿತ್ತು.

ಅವಳು ಹೊಸ ಲ್ಯಾಪ್‌ಟಾಪ್ ಹುಡುಕಿಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಒಂದೊಂದಾಗಿ ತೆಗೆದಿಟ್ಟ. ಒಂದರ ಕೀ ಬಲು ಚಪ್ಪಟೆ, ಮೇಜು ಕುಟ್ಟಿದ ಹಾಗಾಗುತ್ತದೆ ಎಂದಳು. ಇನ್ನೊಂದು ಕಲ್ಲಿನ ಹಾಗೆ ಗಟ್ಟಿ, ಮಣಿಕಟ್ಟು ನೋಯುತ್ತದೆ ಎಂದಳು. ಮತ್ತೊಂದು ಬಲು ಮೆತ್ತಗೆ, ಒತ್ತಿದ್ದೇ ತಿಳಿಯುವುದಿಲ್ಲ. ಒಂದರಲ್ಲಿ ಕೀಗಳ ನಡುವೆ ಅಂತರ ಜಾಸ್ತಿ, ಬೆರಳು ದಾರಿ ತಪ್ಪುತ್ತದೆ. ಮರುದಿನವೂ ಬಂದಳು, ಆಮೇಲೂ ಬಂದಳು. ಅಂಗಡಿಯವನು ತಾಳ್ಮೆಯ ಮನುಷ್ಯ, ಆದರೂ ಅವನಿಗೆ ಸಾಕುಸಾಕಾಯಿತು.

ಆಗ ಅವನೊಂದು ಸಂಗತಿ ಗಮನಿಸಿದ. ಯಾವ ಕೀಬೋರ್ಡ್ ಕೊಟ್ಟರೂ ಅವಳು ಅರ್ಧ ವಾಕ್ಯ ಒತ್ತಿ ನಿಂತುಬಿಡುತ್ತಿದ್ದಳು. ಕತ್ತು ಸ್ವಲ್ಪ ಬಲಕ್ಕೆ ಹೊರಳಿಸುತ್ತಿದ್ದಳು. ಆಮೇಲೆ, ಇದು ಹಿತವಿಲ್ಲ ಎನ್ನುತ್ತಿದ್ದಳು.

"ಯಾಕಮ್ಮಾ, ಅಲ್ಲೇ ನಿಲ್ಲಿಸ್ಬಿಡ್ತೀರಿ? ಕೀ ಹಿಡೀತಾ ಇದ್ಯಾ?"

"ಇಲ್ಲಪ್ಪಾ, ಮುಂದಿನ ಮಾತಿಗೆ ಕಾಯ್ತಾ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಅಂಗಡಿಯವನು ಅವಳು ಬೇಡವೆಂದಿದ್ದ ಆ ಗಟ್ಟಿ ಕೀಬೋರ್ಡಿನ ಲ್ಯಾಪ್‌ಟಾಪನ್ನೇ ಅವಳ ಮುಂದೆ ಸರಿಸಿದ. ಪೇಪರ್ ತೆಗೆದುಕೊಂಡು, "ಬರ್ಕೊಳ್ಳಿ" ಎಂದು ಕಬಡ್ಡಿ ಪಂದ್ಯದ ವರದಿಯನ್ನು ಗಟ್ಟಿಯಾಗಿ ಓದತೊಡಗಿದ. ಅವಳ ಬೆರಳು ಓಡಿತು. ಅವನು ಉಸಿರಿಗೆ ನಿಂತಲ್ಲಿ ಬೆರಳೂ ನಿಂತು, ಅವನು ಹೊರಟಲ್ಲಿ ಹೊರಟಿತು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ವರದಿ ಮುಗಿಯುವಷ್ಟರಲ್ಲಿ ಅವಳು ಅಳುತ್ತಿದ್ದಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಆ ಗಟ್ಟಿಯದನ್ನೇ ಕೊಂಡು ಮನೆಗೆ ಬಂದಳು. ಕಿಟಕಿ ಇದ್ದ ಕೋಣೆಯಲ್ಲೇ ಕೂತಳು. ಬೆರಳು ಅಲ್ಲಾಡಲಿಲ್ಲ. ಕಡೆಗೆ ಮೊದಲ ಅರ್ಧ ವಾಕ್ಯವನ್ನು ತಾನೇ ಬಾಯಿಬಿಟ್ಟು ಹೇಳಿದಳು. ಅದು ಅವನ ದನಿಯಲ್ಲ. ಅವಳಿಗೆ ಸಂಕಟವಾಯಿತು. ಆದರೂ ಅಷ್ಟನ್ನು ಟೈಪ್ ಮಾಡಿದಳು. ಕಿಟಕಿಯವರೆಗೆ ಎದ್ದು ಹೋಗಿ ಬಂದು ಉಳಿದರ್ಧ ಹೇಳಿದಳು. ಅದನ್ನೂ ಟೈಪ್ ಮಾಡಿದಳು. ದಿನವೂ ಹಾಗೆಯೇ ಕೂತಳು.

ಗುರು ಅಲ್ಲಿಗೆ ಮಾತು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಆ ಕೀಬೋರ್ಡ್ ಕಡೆಗೆ ಅವಳ ಬೆರಳಿಗೆ ಹಿತವಾಯಿತೇ?"

"ಇಲ್ಲ," ಎಂದರು ಗುರು. "ಪುಸ್ತಕ ಮುಗಿಯಿತು."