ಕ್ವಾರಿಯಲ್ಲಿ ಕೂಗಿದ ಹೆಸರು

"ಗುರುಗಳೇ, ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಹಂಬಲ ಇನ್ನೂ ಹೋಗಿಲ್ಲ. ಇದು ನನ್ನ ದೌರ್ಬಲ್ಯವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಕಲ್ಲುಕ್ವಾರಿಯಲ್ಲಿ ಒಂದು ನಿಯಮವಿತ್ತು. ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡಬಾರದು. ಅದನ್ನು ಅಲ್ಲಿ ಎಲ್ಲರೂ ಮುರಿಯುತ್ತಿದ್ದರು.

ಬಂಡೆಗೆ ಮದ್ದು ತುಂಬಿದ ಮೇಲೆ ಮೇಸ್ತ್ರಿ ಅಂಚಿನಲ್ಲಿ ನಿಂತು ಆಳುಗಳ ಹೆಸರು ಕೂಗುತ್ತಿದ್ದ. ಮೇಲೆ ಹತ್ತಿ ಬಂದವನು 'ಓ' ಅನ್ನಬೇಕು. ಎಲ್ಲರ ದನಿ ಕೇಳಿದ ಮೇಲೆಯೇ ಬತ್ತಿಗೆ ಬೆಂಕಿ, ಮದ್ದು ಸಿಡಿದ ಮೇಲೆಯೇ ಊಟ. ಆದರೆ ಹತ್ತಿ ಬರಲು ಹೊತ್ತು ಹಿಡಿಯುತ್ತಿತ್ತು, ಮೇಲಿದ್ದವರಿಗೆ ಹಸಿವು. ಗೆಳೆಯನಿಗಾಗಿ ಗೆಳೆಯ, ಅಣ್ಣನಿಗಾಗಿ ತಮ್ಮ 'ಓ' ಅಂದುಬಿಡುತ್ತಿದ್ದರು. ಮೇಸ್ತ್ರಿಗೂ ಅದು ಗೊತ್ತಿತ್ತು. ಅವನಿಗೂ ಹಸಿವು.

ಒಂದು ಮಧ್ಯಾಹ್ನ ಚೌಡಪ್ಪ ಎಂಬ ಕಲ್ಲುಕುಟಿಗನ ಹೆಸರು ಬಂತು. ಅವನ ಹೆಂಡತಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಅವನು ಏಣಿ ಹತ್ತುವುದನ್ನು ಆಗಷ್ಟೇ ನೋಡಿದ್ದಳು. "ಓ, ಬಂದ್ರು" ಅಂದಳು. ಚೌಡಪ್ಪ ಮರೆತುಬಂದ ಉಳಿಗಾಗಿ ಅರ್ಧ ಏಣಿಯಿಂದ ಮತ್ತೆ ಕೆಳಗಿಳಿದಿದ್ದ. ಮದ್ದು ಸಿಡಿಯಿತು. ಅವನು ಉಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕ್ವಾರಿ ನಿಂತಿತು. ಊರಿನವರು ಮಣ್ಣು ಹೊಡೆದು ಅದನ್ನು ಉದ್ಯಾನ ಮಾಡಿದರು. ಆಳದ ಗುಂಡಿ ಕೊಳವಾಯಿತು. ಹೆಂಡತಿ ಅತ್ತ ತಲೆ ಹಾಕಿರಲಿಲ್ಲ. ತನ್ನ ದನಿಯನ್ನು ವಾಪಸು ತೆಗೆದುಕೊಂಡು ಅವನ ದನಿಯಲ್ಲಿ ಒಂದೇ ಒಂದು 'ಓ' ಕೇಳಬೇಕು, ಅವಳಿಗಿದ್ದದ್ದು ಅದೊಂದೇ ಆಸೆ. ಉದ್ಯಾನ ತೆರೆದ ದಿನ ಮಾತ್ರ ಬಂದಳು.

ಅಂದು ಹಳೆಯ ಆಳುಗಳಿಂದ ಗಿಡ ನೆಡಿಸಿದರು. ಮುದುಕನಾಗಿದ್ದ ಮೇಸ್ತ್ರಿಯೇ ಹಿಂದಿನಂತೆ ನಿಂತು ಹೆಸರು ಕೂಗಿದ. ಸತ್ತವರ ಹೆಸರಿಗೆ ಮಕ್ಕಳು, ಸೊಸೆಯಂದಿರು 'ಓ' ಎಂದು ಮುಂದೆ ಬಂದು ಗಿಡ ನೆಟ್ಟರು. ಜನ ಚಪ್ಪಾಳೆ ತಟ್ಟಿದರು.

"ಚೌಡಪ್ಪಾ!"

ಹೆಂಡತಿ ಕೊಳದ ಕಡೆ ನೋಡುತ್ತ ನಿಂತಳು.

"ಓ ಅನ್ನು ಅಜ್ಜಿ, ಗಿಡ ಬಾಡ್ತಾ ಇದೆ" ಎಂದ ಒಬ್ಬ.

"ಹಲ್ಲಿನ ಜೊತೆ ಕಿವೀನೂ ಉದುರಿಹೋಗಿದೆ ಕಣೋ ಅಜ್ಜಿಗೆ" ಎಂದು ಇನ್ನೊಬ್ಬ ನಕ್ಕ.

ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಇನ್ನೊಂದು ಸಲ ಕೂಗಿ, ಮೇಸ್ತ್ರಿ. ಅವರು ತುಂಬಾ ಕೆಳಗಿದ್ದಾರೆ. ಕೇಳಿಸಿರಲಿಕ್ಕಿಲ್ಲ."

ಮೇಸ್ತ್ರಿ ನಗಲಿಲ್ಲ. ಕೊಳದ ಕಡೆ ಮುಖ ಮಾಡಿ ಮತ್ತೆ ಕೂಗಿದ. ಅವಳು ಬಾಯಿ ಬಿಡಲಿಲ್ಲ. ತನ್ನ ಕೈಗೆ ಕೊಡಬಂದ ಗಿಡವನ್ನೂ ಮುಟ್ಟಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಅವನು ಇನ್ನು ಓಗೊಡುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು. ಆದರೂ ಈ ಸಲ ಕಾದಳು."