ಮೋಡ ಉಂಗುರವಾದದ್ದು

ಚಿಕ್ಕ ಗ್ಯಾಲಕ್ಸಿಯೊಂದು ದೊಡ್ಡ ಗ್ಯಾಲಕ್ಸಿಯ ಪಕ್ಕದಲ್ಲಿ ಹಾದುಹೋಗುವಾಗ ಚಿಕ್ಕದರ ಜಲಜನಕದ ಮೋಡವೊಂದು ಕಿತ್ತುಬಂದು ಹಿಂದೆ ಉಳಿಯಿತು. ದೊಡ್ಡ ಗ್ಯಾಲಕ್ಸಿ ಅದನ್ನು ತನ್ನತ್ತ ಸೆಳೆಯತೊಡಗಿತು.

ಮೋಡ ಹೆದರಿತು. "ಅಜ್ಜಾ, ನನ್ನನ್ನು ನುಂಗಬೇಡಿ. ಒಂದು ಗಳಿಗೆ ನಿಂತು ನಮಸ್ಕಾರ ಮಾಡುತ್ತೇನೆ, ಬಿಟ್ಟುಬಿಡಿ."

"ನಿಲ್ಲಬೇಡ," ಎಂದಿತು ಗ್ಯಾಲಕ್ಸಿ. "ನಮಸ್ಕಾರಕ್ಕೆಂದು ನಿಂತವರೆಲ್ಲ ನೇರವಾಗಿ ನನ್ನ ಹೊಟ್ಟೆಗೇ ಬಂದು ಬಿದ್ದರು. ಬಹಳ ವಿನಯವಂತರು, ಪಾಪ."

"ಹಾಗಾದರೆ ನೀವು ಸೆಳೆಯುವುದನ್ನಾದರೂ ನಿಲ್ಲಿಸಿ."

"ಅದು ನನ್ನ ಕೈಲಿಲ್ಲ. ನನಗೆ ಭಾರವಿದೆ, ಭಾರ ಸೆಳೆಯುತ್ತದೆ. ನಿನಗೆ ಓಟವಿದೆ. ನನ್ನ ಕಡೆ ತಿರುಗದೆ ಅಡ್ಡಕ್ಕೆ ಓಡುತ್ತಿರು."

"ಹಿರಿಯರ ಮುಂದೆ ನಿಲ್ಲದೆ ಹೋದರೆ ಸೊಕ್ಕು ಎನ್ನುವುದಿಲ್ಲವೆ?"

"ಅನ್ನುವವರು ಅನ್ನಲಿ. ನೀನು ಉಳಿಯುತ್ತೀಯಲ್ಲ."

ಮೋಡ ಓಡಿತು. ಸೆಳೆತ ಅದರ ದಾರಿಯನ್ನು ಬಗ್ಗಿಸಿತು, ಆದರೆ ಒಳಕ್ಕೆ ಬೀಳಿಸಲಿಲ್ಲ. ಓಡುತ್ತ ಓಡುತ್ತ ಮೋಡ ಉದ್ದಕ್ಕೆ ಚಾಚಿಕೊಂಡಿತು. ಮುನ್ನೂರು ಕೋಟಿ ವರ್ಷಗಳಾದ ಮೇಲೆ ಮುಂದೆ ಯಾರೋ ಹೋಗುತ್ತಿರುವುದು ಕಾಣಿಸಿತು.

"ಅಜ್ಜಾ, ನನ್ನ ಹಾಗೆ ಇನ್ನೊಬ್ಬರು ಬದುಕಿಕೊಂಡಿದ್ದಾರೆ."

"ಸರಿಯಾಗಿ ನೋಡು. ಅದು ನಿನ್ನದೇ ಬಾಲ."

ತಲೆ ಬಾಲವನ್ನು ಮುಟ್ಟಿತು. ಗ್ಯಾಲಕ್ಸಿಯ ಸುತ್ತ ತೆಳ್ಳನೆಯ ಉಂಗುರವಾಯಿತು. ಇನ್ನು ತಾನು ಬೀಳುವುದಿಲ್ಲ ಎಂದು ಮೋಡಕ್ಕೆ ಆಗ ನಂಬಿಕೆ ಬಂತು.

"ಅಜ್ಜಾ, ಆವತ್ತಿನ ನಮಸ್ಕಾರ ಬಾಕಿಯೇ ಉಳಿಯಿತು."

"ಇಷ್ಟು ಕಾಲ ಪ್ರದಕ್ಷಿಣೆ ಬಂದಿದ್ದೀಯ," ಎಂದಿತು ಗ್ಯಾಲಕ್ಸಿ. ಅದರ ದನಿಯೂ ಹಗುರಾಗಿತ್ತು. "ಇನ್ನು ಬೇರೆ ನಮಸ್ಕಾರ ಯಾಕೆ?"