ಬಾಗಿಲ ಮೇಲಿನ ಮೂರು ಅಕ್ಷರ

ಒಂದಾನೊಂದು ಕಾಲದಲ್ಲಿ ಒಂದು ಹಟ್ಟಿ ಇತ್ತಂತೆ. ದೊಡ್ಡದೇನಲ್ಲ. ಮೇಲಿನ ಓಣಿಯಲ್ಲಿ ಸೀನಿದರೆ ಕೆಳಗಿನ ಓಣಿಯವರು ‘ನೂರು ವರ್ಷ ಬಾಳಪ್ಪಾ’ ಅನ್ನುವಷ್ಟು ಚಿಕ್ಕದು. ಅಲ್ಲಿ ಕಂಬಳಿ ನೇಯುವ ಮಾಳಪ್ಪ, ಅವನ ಹೆಂಡತಿ ಹೊನ್ನವ್ವ, ಇಬ್ಬರೇ ಇದ್ದರಂತೆ. ಮಕ್ಕಳಿಲ್ಲ ಮರಿಯಿಲ್ಲ. ಅವಳು ಕುರಿ ಉಣ್ಣೆ ಹಿಂಜಿ ನೂಲು ತೆಗೆಯುವಳು, ಇವನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವನು. ಅವಳು ನೂಲುತ್ತಾ ಹಾಡುವಳು, ಇವನ ಮಗ್ಗ ಲಟಕ್ ಪಟಕ್ ಅನ್ನುವುದು. ಹಾಡು ಇವನ ಕಿವಿಗೆ ಅರ್ಧ ಬಿದ್ದರೆ ಅರ್ಧ ಮಗ್ಗದ ಸದ್ದಿನಲ್ಲಿ ಹೋಗುವುದು.

ಒಂದು ವರ್ಷ ಹಟ್ಟಿಗೆ ಕೆಟ್ಟ ಜ್ವರ ಬಂತು. ಜ್ವರದ ಹಿಂದೆಯೇ ಕರೆಯವ್ವ ಬಂದಳು. ಕರೆಯವ್ವ ಅಂದರೆ ಜವರಾಯನ ಕಡೆಯವಳು. ದೀಪ ಹಚ್ಚುವ ಹೊತ್ತಿಗೆ ಬಾಗಿಲ ಮುಂದೆ ನಿಂತು, ಬೇಕಾದವರ ದನಿಯಲ್ಲಿ ಹೆಸರು ಹಿಡಿದು ಒಂದೇ ಸಲ ಕೂಗುತ್ತಾಳೆ. ಓಗೊಟ್ಟವರು ಅವಳ ಹಿಂದೆ ಹೋದ ಹಾಗೆಯೇ. ಅದಕ್ಕೇ ಮುಸ್ಸಂಜೆಯಲ್ಲಿ ಯಾರಾದರೂ ಕೂಗಿದರೆ ಹಟ್ಟಿಯಲ್ಲಿ ಮೊದಲ ಕೂಗಿಗೆ ಯಾರೂ ಓಗೊಡುತ್ತಿರಲಿಲ್ಲವಂತೆ.

ಹೊನ್ನವ್ವನಿಗೂ ಜ್ವರ ಬಂತು. ಕಣ್ಣು ಬಿಡಲಿಲ್ಲ, ನೀರು ಕುಡಿಯಲಿಲ್ಲ. ಮಾಳಪ್ಪ ಗುಡಿಯ ಅಯ್ಯನ ಹತ್ತಿರ ಓಡಿದ. ಹಟ್ಟಿಗೆಲ್ಲ ಅಕ್ಷರ ಬಲ್ಲವನು ಅವನೊಬ್ಬನೇ.

“ಅಳಬ್ಯಾಡ ಮಾಳಪ್ಪ. ಕರೆಯವ್ವ ಓದಬಲ್ಲೋಳು, ಓದಿದ ಮಾತು ಮೀರೋಳಲ್ಲ. ಬಾಗಿಲ ಮ್ಯಾಲೆ ಸುಣ್ಣದಾಗೆ ‘ನಾಳೆ ಬಾ’ ಅಂತ ಬರಿ. ಓದ್ಕೊಂಡು ಹೊಂಟೋಗ್ತಾಳೆ” ಅಂದ ಅಯ್ಯ.

“ನಂಗೆಲ್ಲಿ ಬರೆಯಾಕೆ ಬರ್ತೈತೆ ಸ್ವಾಮೇರಾ?”

“ಮೂರಕ್ಷರ ಕಣೋ. ಕೂತ್ಕ, ಕಲಿಸ್ತೀನಿ.”

ನೋಡಿ, ನಲವತ್ತು ವರ್ಷ ಒಂದಕ್ಷರ ಕಲಿಯದವನು ಒಂದೇ ಮಧ್ಯಾಹ್ನದಲ್ಲಿ ಮೂರು ಕಲಿತ. ಮರಳಲ್ಲಿ ತಿದ್ದಿದ, ಅಳಿಸಿದ, ಮತ್ತೆ ತಿದ್ದಿದ. ಹೊತ್ತು ಇಳಿಯುವಷ್ಟರಲ್ಲಿ ಬಾಗಿಲ ಮೇಲೆ ಬರೆದ: ನಾಳೆ ಬಾ.

ದೀಪ ಹಚ್ಚುವ ಹೊತ್ತಿಗೆ ಕರೆಯವ್ವ ಬಂದಳು. ಸತ್ತುಹೋದ ಅತ್ತೆಯ ದನಿಯಲ್ಲಿ “ಹೊನ್ನವ್ವಾ…” ಅಂದಳು. ಮಾಳಪ್ಪ ಹೆಂಡತಿಯ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತ. ಬಾಗಿಲಾಚೆ ಕರೆಯವ್ವ ಅಕ್ಷರ ಓದಿಕೊಂಡಳು. ಆಮೇಲೆ “ಹಂಗೇ ಆಗ್ಲಿ, ನಾಳೆ ಬರ್ತೀನಿ” ಅಂದು ಹೋದಳಂತೆ. ಬೆಳಗಾಗುವಷ್ಟರಲ್ಲಿ ಜ್ವರ ಬಿಟ್ಟಿತು. ಹೊನ್ನವ್ವ ಎದ್ದು ಗಂಜಿ ಕೇಳಿದಳು.

ಮಾರನೇ ಸಂಜೆ ಕರೆಯವ್ವ ಮತ್ತೆ ಬಂದಳು, ಓದಿದಳು, ಹೋದಳು. ಅದರ ಮಾರನೇ ಸಂಜೆಯೂ ಅಷ್ಟೆ. ಹೀಗೆ ದಿನಾ ಬಂದಳು, ದಿನಾ ಹೋದಳು.

ಮಾಳಪ್ಪನ ಧೈರ್ಯ ಕೇಳಬೇಕೆ! ನಾಳೆ ಅನ್ನುವುದನ್ನು ಹಿಡಿದು ಬಾಗಿಲಿಗೆ ಕಟ್ಟಿಹಾಕಿದ್ದೇನೆ, ಇನ್ನು ನನಗೆ ಎಷ್ಟು ನಾಳೆ ಬೇಕೋ ಅಷ್ಟಿದೆ ಅಂದುಕೊಂಡ. ಪಾಪ, ಅಲ್ಲೇ ಅವನು ತಪ್ಪಿದ್ದು.

ಹಟ್ಟಿಯ ಆಚೆ ಹಳ್ಳ, ಹಳ್ಳದ ಆಚೆ ದಿಬ್ಬ, ದಿಬ್ಬದ ತುಂಬ ಮುತ್ತುಗದ ಮರ. ಉಗಾದಿಗೆ ಮುಂಚೆ ಎಲೆಯೆಲ್ಲ ಉದುರಿ ದಿಬ್ಬಕ್ಕೆ ದಿಬ್ಬವೇ ಕೆಂಪಗೆ ಹೂ ಬಿಡುವುದು.

“ಏನ್ರೀ, ಮುತ್ತುಗ ಹೂ ಬಿಟ್ಟೈತೆ. ಬುತ್ತಿ ಕಟ್ಕೊಂಡು ಹೋಗಿ, ಮರದ ಕೆಳಗೆ ಕೂತು ಉಂಡು ಬರಾಣೇನು?” ಅಂದಳು ಹೊನ್ನವ್ವ.

“ಕಂಬಳಿ ಮಗ್ಗದಾಗೈತೆ. ನಾಳೆ ಹೋಗಾಣ ತಗಾ” ಅಂದ ಮಾಳಪ್ಪ.

ನಾಳೆ ಬಂತು. ಇನ್ನೊಂದು ಕಂಬಳಿ ಮಗ್ಗಕ್ಕೇರಿತು. ಹೂ ಉದುರಿತು.

ಮರುವರ್ಷ ಹೂ ಬಿಟ್ಟಿತು. ಹೊನ್ನವ್ವ ಕೇಳಿದಳು. “ನಾಳೆ ಹೋಗಾಣ ತಗಾ” ಅಂದ. ಹೂ ಉದುರಿತು. ಹೀಗೆ ಹನ್ನೆರಡು ವರ್ಷ, ಹನ್ನೆರಡು ಸಲ ಹೂ. ಅವಳಿಗೊಂದು ಹೊಸ ಕಂಬಳಿಯೂ ನಾಳೆಯೇ, ಒಟ್ಟಿಗೆ ಕೂತು ಉಣ್ಣುವುದೂ ನಾಳೆಯೇ. ಬಾಗಿಲ ಮೇಲಿದ್ದ ಮಾತು ಅವನ ನಾಲಿಗೆ ಮೇಲೆ ಬಂದು ಕೂತಿತ್ತು. ಹೆಂಡತಿಯನ್ನು ಸಾವಿನಿಂದ ಕಾಯ್ದ ಮಾತನ್ನೇ ಅವಳಿಗೂ ಹೇಳುತ್ತಿದ್ದೇನೆ ಅಂತ ಆ ಮಹರಾಯನಿಗೆ ಹೊಳೆಯಲೇ ಇಲ್ಲ.

ಹನ್ನೆರಡನೇ ವರ್ಷದ ಆಷಾಢ. ಬಾಗಿಲ ಎಡಗಡೆ ಸೂರಿನ ಹುಲ್ಲು ಗಾಳಿಗೆ ಕಿತ್ತುಹೋಗಿತ್ತು.

“ಏನ್ರೀ, ಎರಚಲು ಹೊಡೆದು ಬಾಗಿಲ ಮ್ಯಾಲಿನ ಅಕ್ಷರ ಮಾಸ್ತಾವೆ. ಒಂದೀಟು ಸುಣ್ಣ ಹಚ್ಚಬಾರದೇನು?” ಅಂದಳು ಹೊನ್ನವ್ವ.

ಮಾಳಪ್ಪ ಮಗ್ಗದಿಂದ ತಲೆ ಎತ್ತಲಿಲ್ಲ. “ನಾಳೆ ಹಚ್ಚಿದರಾಯ್ತು ತಗಾ.”

ಅವತ್ತೇ ಮಧ್ಯಾಹ್ನ ಜೋರು ಮಳೆ ಹೊಡೆಯಿತು. ಎಡಗಡೆಯ ಎರಡು ಅಕ್ಷರ ತೊಳೆದುಹೋದವು. ಬಲಗಡೆ ಸೂರಿನ ಕೆಳಗೆ ಒಂದೇ ಒಂದು ಉಳಿಯಿತು: ಬಾ.

ದೀಪ ಹಚ್ಚುವ ಹೊತ್ತಿಗೆ ಕರೆಯವ್ವ ಬಂದಳು. ಓದಿದಳು. ಬಾಗಿಲು ತಳ್ಳಿಕೊಂಡು ಒಳಗೇ ಬಂದಳು.

ಮಾಳಪ್ಪ ಮಗ್ಗದ ಗುಂಡಿಯಿಂದ ಎದ್ದವನೇ ಅವಳ ಕಾಲಿಗೆ ಬಿದ್ದ. “ನಾಳೆ ಬಾ ತಾಯಿ! ನಾಳೆ ಬಾ!”

“ಏಳು ಮಾಳಪ್ಪ. ಬರೀ ಮೂರಕ್ಷರಕ್ಕೆ ನಾನು ಮೋಸ ಹೋದೆ ಅಂದ್ಕೊಂಡಿದ್ದೇನು? ನಾನು ದಡ್ಡಿಯಲ್ಲ. ಹೆಂಡ್ತಿ ಜತಿಗೆ ಇನ್ನೊಂದು ದಿನ ಬಾಳಬೇಕು ಅಂತ ಬೇಡ್ತಾ ಐದಾನೆ, ಬಾಳ್ಲಿ ಅಂತ ಬಿಟ್ಟು ಹೋಗ್ತಿದ್ದೆ. ಹನ್ನೆರಡು ವರ್ಷ ದಿನಾ ಒಂದೊಂದು ದಿನ ಕೊಟ್ಟೆ. ಏನು ಮಾಡಿದೆ ಅವನ್ನ?”

ಮಾಳಪ್ಪ ಮಗ್ಗದ ಕಡೆ ನೋಡಿದ. “ನೇಯ್ದೆ ತಾಯಿ” ಅಂದ.

ಸಾವಿನ ಕಡೆಯವಳಿಗೂ ಕರುಳು ಚುರುಕ್ ಅಂದಿತಂತೆ. “ಇನ್ನೊಂದು ದಿನ ತಗಾ. ಇದೇ ಕೊನೇದು. ಬೆಳಕು ಹರಿದ ಮ್ಯಾಲೆ ಅದನ್ನೂ ನಾಳೆ ಅನ್ನಬ್ಯಾಡ” ಅಂದು ಹೋದಳು.

ಒಲೆಯ ಮುಂದೆ ಕೂತಿದ್ದ ಹೊನ್ನವ್ವ ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ. “ಬೆಳಿಗ್ಗೆ ಬುತ್ತಿಗೆ ಹುಚ್ಚೆಳ್ಳು ಚಟ್ನಿ ಮಾಡ್ಲೇನು?” ಅಂತ ಮಾತ್ರ ಕೇಳಿದಳು.

ಬೆಳಗಾಯಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಮಗ್ಗ ಸದ್ದು ಮಾಡಲಿಲ್ಲ. ಇಬ್ಬರೂ ಹಳ್ಳ ದಾಟಿ ದಿಬ್ಬ ಹತ್ತಿದರು. ಆಷಾಢದಲ್ಲಿ ಮುತ್ತುಗದ ಹೂ ಎಲ್ಲಿ ಬರಬೇಕು? ದಿಬ್ಬದ ತುಂಬ ಬರೀ ಹಸಿರೆಲೆ. ಮಾಳಪ್ಪ ಒಂದು ಮರ ನೋಡಿದ, ಇನ್ನೊಂದು ಮರ ನೋಡಿದ, ದಿಬ್ಬದ ಮರವನ್ನೆಲ್ಲ ನೋಡಿದ. ಒಂದು ಹೂ ಕಾಣದೆ ಗೊಳೋ ಅಂತ ಅತ್ತ.

“ಹೂವಿಲ್ಲದಿದ್ರೆ ಏನಾತು, ಎಲೆ ಐತಲ್ಲ” ಅಂದಳು ಹೊನ್ನವ್ವ. ನಾಲ್ಕು ಎಲೆ ಕಿತ್ತು, ಕಡ್ಡಿ ಚುಚ್ಚಿ, ಒಂದೇ ಒಂದು ಪತ್ರೋಳಿ ಹಚ್ಚಿದಳು. ಅದರಲ್ಲೇ ಇಬ್ಬರಿಗೂ ರೊಟ್ಟಿ ಹಾಕಿದಳು.

“ಹೊನ್ನೀ, ನಾನು ತಪ್ಪು…”

“ಮಾತು ಆಮ್ಯಾಲೆ. ರೊಟ್ಟಿ ತಣ್ಣಗಾಗ್ತೈತೆ, ಉಣ್ರಿ.”

ಉಂಡರು. ಉಂಡ ಮೇಲೆ ಮಾಳಪ್ಪ ಹೆಂಡತಿಯ ಮುಖವನ್ನೇ ನೋಡಿದ. “ನಿನ್ನ ತಲೆ ಯಾವಾಗ ನರೀತು?” ಅಂದ.

“ನೀವು ನೇಯ್ತಿದ್ರಲ್ಲ, ಆಗ” ಅಂದು ನಕ್ಕಳು. ಆ ನಗು ನೋಡಿ ಅವನಿಗೆ ಇನ್ನಷ್ಟು ಸಂಕಟವಾಯಿತು.

ಅವಳು ನೂಲುವ ಹಾಡು ಎತ್ತಿಕೊಂಡಳು. ಅಡ್ಡ ಬರಲು ಮಗ್ಗದ ಸದ್ದಿರಲಿಲ್ಲ. ಆ ಹಾಡಿನಲ್ಲಿ ನೂಲುವವಳು ‘ಯಾರಿಗಮ್ಮ ಈ ನೂಲು, ಯಾರಿಗಮ್ಮ ಈ ಎಳೆ’ ಅಂತ ಉದ್ದಕ್ಕೂ ಕೇಳುತ್ತಾಳೆ. ಕೊನೆಯ ಸಾಲಿನಲ್ಲಿ ಅವಳು ಗಂಡನ ಹೆಸರು ಹೇಳುತ್ತಾಳೆ. ಹೊನ್ನವ್ವ ಅಲ್ಲಿಗೆ ಬಂದು “ಮಾಳಪ್ಪ” ಅಂತ ಸೇರಿಸಿದಳು. ಇಷ್ಟು ವರ್ಷ ದಿನಾ ಅವಳು ತನ್ನ ಹೆಸರು ಹಾಡಿದ್ದಳು, ತಾನು ಕೇಳಿರಲಿಲ್ಲ ಅಂತ ಅವನಿಗೆ ಅವತ್ತು ಗೊತ್ತಾಯಿತು.

ಹೊತ್ತು ವಾಲತೊಡಗಿತು. ಮಾಳಪ್ಪ ಗಳಿಗೆಗೊಮ್ಮೆ ಪಡುವಣಕ್ಕೆ ತಿರುಗಿ ನೋಡುತ್ತಿದ್ದ. ಹೊನ್ನವ್ವ ಅವನ ಗಲ್ಲ ಹಿಡಿದು ಇತ್ತ ತಿರುಗಿಸಿದಳು. “ಹೊತ್ತು ನೋಡಬ್ಯಾಡ್ರಿ. ನನ್ನ ನೋಡ್ರಿ.”

ನೋಡಿದ. ಮನೆ ಮುಟ್ಟುವ ತನಕ ನೋಡುತ್ತಲೇ ಬಂದ.

ಮನೆಗೆ ಬಂದು ಅವಳೇ ದೀಪ ಹಚ್ಚಿದಳು. ಮಾಳಪ್ಪ ಮಗ್ಗದ ಮೇಲಿದ್ದ ಕಂಬಳಿಯನ್ನು ಅರ್ಧಕ್ಕೇ ಕತ್ತರಿಸಿ ಅವಳ ಹೆಗಲಿಗೆ ಹೊದೆಸಿದ. ಹೊರಗೆ “ಹೊನ್ನವ್ವಾ…” ಅಂತ ಕೂಗು ಕೇಳಿತು. ಮೊದಲನೇ ಕೂಗಿಗೇ ಅವಳು “ಓ, ಬಂದೆ” ಅಂದಳು. ಹೊಸಲಲ್ಲಿ ನಿಂತು ಹಿಂದಕ್ಕೆ ನೋಡಿದಳು. ಮನೆ ಬಿಟ್ಟು ಹೊರಡುವಾಗ ಹೋಗ್ತೀನಿ ಅನ್ನಬಾರದಲ್ಲವೆ? ರೂಢಿಯಂತೆ “ಹೋಗಿಬರ್ತೀನ್ರಿ” ಅಂದಳಂತೆ.

ಹದಿಮೂರನೇ ದಿನ ಮಾಳಪ್ಪ ಅಯ್ಯನ ಮುಂದೆ ಹೋಗಿ ಕೂತ. “ಸ್ವಾಮೇರಾ, ಬಾ ಅನ್ನೋದು ನಂಗೆ ಬರ್ತೈತೆ. ಇನ್ನು ಮೂರಕ್ಷರ ಕಲಿಸ್ರಿ” ಅಂದ. ಕಲಿತು ಬಂದ. ಬಾಗಿಲ ಮೇಲೆ ಉಳಿದಿದ್ದ ಅಕ್ಷರದ ಎಡಕ್ಕೆ, ಮಳೆ ತೊಳೆದ ಜಾಗದಲ್ಲಿ, ಸುಣ್ಣದಿಂದ ಬರೆದ. ಈಗ ಬಾಗಿಲು ‘ಇವತ್ತು ಬಾ’ ಅನ್ನುತ್ತಿತ್ತು.

ಅದನ್ನು ಓದಿದ ದಾರಿಹೋಕರು ಒಳಗೆ ಬಂದರು. ಓದು ಬಾರದವರು ಕೇಳಿ ತಿಳಿದು ಬಂದರು. ಬಂದವರಿಗೆ ಮಗ್ಗ ನಿಲ್ಲಿಸಿ ಬಿಸಿ ರೊಟ್ಟಿ ಹಾಕುತ್ತಿದ್ದ. ಆಮೇಲೆ ಅವನ ಬಾಯಲ್ಲಿ ನಾಳೆ ಅನ್ನುವ ಮಾತು ಯಾರೂ ಕೇಳಲಿಲ್ಲವಂತೆ. ಎಂಥ ಧಾರಾಳಿ ಅಂತ ಹಟ್ಟಿಯವರು ಹೊಗಳಿದರು. ಬರ್ತೀನಿ ಅಂದು ಹೋದ ಒಬ್ಬಳಿಗೆ ಬರೆದದ್ದು ಅದು ಅಂತ ಅವನು ಯಾರಿಗೂ ಹೇಳಲಿಲ್ಲ. ದಿನಾ ಸಂಜೆ ದೀಪ ಹಚ್ಚಿ, ಬಾಗಿಲು ತೆರೆದಿಟ್ಟು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತಿದ್ದ.

ಅವನು ಅಲ್ಲಿ ಬಾಗಿಲು ತೆರೆದು ಕೂತ, ನಾವು ಇಲ್ಲಿ ಕತೆ ಕೇಳುತ್ತಾ ಕೂತೆವು. ಕತೆ ಮುಗಿಯಿತು. ಏಳಿ, ರೊಟ್ಟಿ ತಣ್ಣಗಾಗ್ತೈತೆ, ಎಲ್ಲರೂ ಒಟ್ಟಿಗೆ ಉಣ್ಣಾಣ.